ದೊಡ್ಡ ಕಟ್ಲ, ದೊಡ್ಡ ಗೆಂಡೆ ಬೇಕೆಂದರೆ ಯಾವ ಗಾಳ? ಬೆಂಡು, ತಳದ ಗಾಳ, ಗೊಂಚಲು, ಫೀಡರ್, ಹೇರ್ ರಿಗ್ ಹೋಲಿಸಿ ನೋಡೋಣ

ಕೆರೆಯಲ್ಲಿ ಬಲೆ ಎಳೆಯುವ ದಿನ ಏರಿ ಮೇಲೆ ನಿಂತು ನೋಡಿದವರಿಗೆ ಗೊತ್ತು, ನಾವು ವಾರವಾರ ಗಾಳ ಹಾಕುವ ಅದೇ ನೀರಿನಿಂದ ಎಂಟು ಹತ್ತು ಕೆಜಿಯ ಕಟ್ಲ ಮೇಲೆ ಬರುತ್ತದೆ. ನಮ್ಮ ಗಾಳಕ್ಕೆ ಮಾತ್ರ ಅಂಗೈ ಅಗಲದ ಜಿಲೇಬಿ ಮೀನು (ತಿಲಾಪಿಯಾ), ಜಾಸ್ತಿ ಅಂದರೆ ಒಂದು ಕೆಜಿ ರೋಹು. ಆಗ ಗೊಂದಲ ಶುರುವಾಗುತ್ತದೆ. ಒಬ್ಬರು ನೀರಿನ ಮೇಲೆ ತೇಲುವ ಬೆಂಡು ಬೇಡ, ತಳಕ್ಕೆ ಹಾಕು ಅನ್ನುತ್ತಾರೆ. ಇನ್ನೊಬ್ಬರು ಒಳ್ಳೆ ರೀಲ್ ತಗೋ ಅನ್ನುತ್ತಾರೆ. ಮೊಬೈಲಿನಲ್ಲಿ ವಿಡಿಯೋ ನೋಡಿದರೆ ಇಂಗ್ಲೆಂಡಿನವರು ಮೂರು ರಾಡ್ ಸಾಲಾಗಿ ಇಟ್ಟು, ಅಲಾರಂ ಹಾಕಿ, ಹೇರ್ ರಿಗ್ ಕಟ್ಟಿ ಹದಿನೈದು ಕೆಜಿಯ ಗೆಂಡೆ ಎತ್ತುತ್ತಿರುತ್ತಾರೆ. ಇದರಲ್ಲಿ ನಮ್ಮ ಕೆರೆಗೆ, ನಮ್ಮ ಜೇಬಿಗೆ ಯಾವುದು ಸರಿ?

ನಾನು ಹೇಳುವುದು ಇಷ್ಟು. ದೊಡ್ಡ ಮೀನು ನೀರಿನ ಯಾವ ಮಟ್ಟದಲ್ಲಿ ಮೇಯುತ್ತಿದೆಯೋ ಅಲ್ಲಿ ಎರೆ ನಿಲ್ಲಬೇಕು, ಅದು ಬರುವ ತನಕ ಸಣ್ಣ ಮೀನು ಆ ಎರೆಯನ್ನು ಕಿತ್ತು ತಿನ್ನಬಾರದು. ಈ ಎರಡು ಕೆಲಸ ನಿಮ್ಮ ಕೆರೆಯಲ್ಲಿ ಯಾವ ಪದ್ಧತಿ ಮಾಡಿಕೊಡುತ್ತದೋ ಅದೇ ಒಳ್ಳೆಯದು. ಅದು ಇನ್ನೂರು ರೂಪಾಯಿಯ ಕೈಗಾಳವೂ ಆಗಿರಬಹುದು.

ಇಲ್ಲಿ ಹೇಳುತ್ತಿರುವುದು ಕೆರೆ, ಹಿನ್ನೀರಿನ ಗೆಂಡೆ ಜಾತಿಯ ಮೀನುಗಳ ಬಗ್ಗೆ ಮಾತ್ರ. ಅಂದರೆ ಕಟ್ಲ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ, ಹುಲ್ಲುಗೆಂಡೆ. ಕೊರವ, ಬಾಳೆ ಮೀನು ಬೇಟೆ ಮೀನುಗಳು, ಅವುಗಳ ದಾರಿ ಬೇರೆ. ಕಾವೇರಿಯ ಮಹಶೀರ್ ಅಂತೂ ಬಿಟ್ಟೇಬಿಡಿ. ಅದು 2018ರಿಂದ ಜಗತ್ತಿನ ತೀವ್ರ ಅಳಿವಿನಂಚಿನ ಜೀವಿಗಳ ಪಟ್ಟಿಯಲ್ಲಿದೆ, ಅದನ್ನು ಅದರ ಪಾಡಿಗೆ ಬಿಡುವುದೇ ಸರಿ.

ಮೊದಲು ಕೆರೆ ನೋಡಿ, ಆಮೇಲೆ ಗಾಳ

ಕಟ್ಲ, ರೋಹು, ಮೃಗಾಲ್ ಮೂರೂ ಗಂಗೆಯ ಕಡೆಯ ಹೊಳೆ ಮೀನುಗಳು. ನಿಂತ ನೀರಿನಲ್ಲಿ ಇವು ಸಾಮಾನ್ಯವಾಗಿ ಮರಿ ಮಾಡುವುದಿಲ್ಲ. 1957ರಲ್ಲಿ ಒಡಿಶಾದಲ್ಲಿ ಮೀನು ವಿಜ್ಞಾನಿ ಹೀರಾಲಾಲ್ ಚೌಧುರಿಯವರು ಹಾರ್ಮೋನ್ ಚುಚ್ಚಿ ಈ ಜಾತಿಯ ಮೀನಿನಿಂದ ಮೊಟ್ಟೆ ಇಡಿಸಿ ತೋರಿಸಿದರು. ಆಮೇಲೆ ಮೀನುಮರಿ ಕೇಂದ್ರಗಳು ಬಂದವು, ನಮ್ಮ ಕೆರೆಗಳಿಗೆ ಮರಿ ಬಿಡುವುದು ಮಾಮೂಲಾಯಿತು. ಹಾಗಾಗಿ ಕೆರೆಯಲ್ಲಿರುವ ದೊಡ್ಡ ಕಟ್ಲ ಅಂದರೆ ಯಾವುದೋ ವರ್ಷ ಬಿಟ್ಟ ಮರಿ, ಅಷ್ಟೂ ವರ್ಷ ಬಲೆಗೆ ಸಿಗದೆ ಉಳಿದದ್ದು. ಒಳ್ಳೆ ಮೇವಿದ್ದರೆ ಕಟ್ಲ ಒಂದು ವರ್ಷಕ್ಕೆ ಸುಮಾರು ಒಂದು ಕೆಜಿ ಬೆಳೆಯುತ್ತದೆ. ಪ್ರತಿ ಬೇಸಿಗೆ ಒಣಗಿ ಅಂಗಳ ಬಿರುಕು ಬಿಡುವ ಕೆರೆಯಲ್ಲಿ ಐದು ಕೆಜಿ ಮೀನು ಎಲ್ಲಿಂದ ಬರಬೇಕು? ಮೂರ್ನಾಲ್ಕು ವರ್ಷವಾದರೂ ಬತ್ತದ ಕೆರೆ ಹುಡುಕಿ. ತೂಬಿನ ಹತ್ತಿರ ಆಳವಾದ ಮಡು ಉಳಿಯುವ ಕೆರೆ, ಇಲ್ಲವೇ ಜಲಾಶಯದ ಹಿನ್ನೀರು. ಊರಿನ ದನ ಕಾಯುವವರನ್ನು ಕೇಳಿದರೆ ಸಾಕು, ಯಾವ ವರ್ಷ ನೀರು ಎಲ್ಲಿಗೆ ಇಳಿದಿತ್ತು ಅಂತ ಕೈ ತೋರಿಸಿ ಹೇಳುತ್ತಾರೆ.

ಸಾಮಾನ್ಯ ಗೆಂಡೆ ಹಾಗಲ್ಲ. ಅದು ಹೊರದೇಶದಿಂದ ತಂದ ಮೀನು, 1939ರಲ್ಲಿ ನೀಲಗಿರಿಗೆ ಬಂತು, ಬಯಲು ಸೀಮೆಗೆ ಹೊಂದುವ ತಳಿ 1957ರಲ್ಲಿ ಬ್ಯಾಂಕಾಕ್‌ನಿಂದ ಬಂತು. ನಿಂತ ನೀರಿನಲ್ಲೇ, ಗಿಡದ ಬೇರು, ಜೊಂಡಿಗೆ ಮೊಟ್ಟೆ ಅಂಟಿಸಿ ಮರಿ ಮಾಡಿಕೊಳ್ಳುತ್ತದೆ. ತಂಪು ನೀರಿನಲ್ಲೂ ಮೇಯುತ್ತದೆ. ಡಿಸೆಂಬರ್ ಜನವರಿಯಲ್ಲಿ ಕಟ್ಲ ಬಾಯಿ ಮುಚ್ಚಿ ಕೂತಾಗ ಗಾಳಕ್ಕೆ ಬರುವುದು ಇದೇ.

ಅಳೆಯುವುದು ಯಾವುದರಿಂದ

ಯಾವ ಪದ್ಧತಿಯನ್ನೇ ಆಗಲಿ ನಾನು ಇಷ್ಟು ನೋಡುತ್ತೇನೆ. ಎರೆ ಯಾವ ಮಟ್ಟದಲ್ಲಿ ನಿಲ್ಲುತ್ತದೆ. ಸಣ್ಣ ಮೀನಿನ ಕಾಟ ಎಷ್ಟು ತಡೆಯುತ್ತದೆ. ಕಳೆ, ಕಲ್ಲು, ಮುಳುಗಿದ ಜಾಲಿ ಗಿಡ ಇರುವಲ್ಲಿ ಹಾಕಬಹುದಾ. ನಿಮ್ಮ ಹತ್ತಿರ ಎರಡು ಗಂಟೆ ಇದೆಯಾ, ಇಡೀ ದಿನ ಇದೆಯಾ. ಖರ್ಚು ಎಷ್ಟು. ಕೊನೆಯದಾಗಿ, ಮೀನನ್ನು ವಾಪಸ್ ಬಿಡುವುದಾದರೆ ಅದು ಬದುಕುತ್ತದಾ.

ಮೊದಲನೆಯದು ಎಲ್ಲಕ್ಕಿಂತ ಮುಖ್ಯ, ಅದನ್ನು ಮೀನಿನ ಬಾಯಿಯೇ ಹೇಳುತ್ತದೆ. ಕಟ್ಲದ ಕೆಳದವಡೆ ಮುಂದಕ್ಕೆ ಬಂದು ಬಾಯಿ ಮೇಲಕ್ಕೆ ತೆರೆದಿರುತ್ತದೆ, ಮೀಸೆ ಇಲ್ಲ. ಅದು ಮೇಲಿನ ನೀರಿನಲ್ಲಿ ತೇಲುವ ಸಣ್ಣ ಜೀವಿಗಳನ್ನು ಸೋಸಿ ತಿನ್ನುವ ಮೀನು. ರೋಹು ನಡುನೀರಿನದು, ಅದರ ತುಟಿ ಅಂಚಿನಲ್ಲಿ ಜಾಲರಿ ಕಟ್ಟಿದ ಹಾಗಿರುತ್ತದೆ. ಮೃಗಾಲ್ ತಳದ್ದು. ಸಾಮಾನ್ಯ ಗೆಂಡೆಗೆ ಎರಡು ಜೊತೆ ಮೀಸೆ, ಬಾಯಿ ಕೊಳವೆಯಂತೆ ಕೆಳಕ್ಕೆ ಚಾಚುತ್ತದೆ, ಕೆಸರಿಗೆ ಮೂತಿ ಹಾಕಿ ಕೆದಕುತ್ತದೆ. ಅದು ಮೇಯುವ ಕಡೆ ಸಣ್ಣ ಗುಳ್ಳೆಗಳ ಗುಂಪು ಏಳುತ್ತಾ, ಮೆಲ್ಲಗೆ ಮುಂದೆ ಸಾಗುತ್ತಾ ಇರುತ್ತದೆ. ಬೆಳ್ಳಿಗೆಂಡೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ತಿನ್ನುವುದರಿಂದ ಗಾಳಕ್ಕೆ ಸಿಗುವುದು ಕಷ್ಟ, ಅದು ನೀರಿನಿಂದ ಹಾರುವುದನ್ನು ನೋಡಿ ಆಸೆಪಟ್ಟು ಸುಮ್ನೆ ದಿನ ಕಳೆಯಬೇಡಿ.

ಬೆಂಡು ಗಾಳ

ಕಟ್ಲ, ರೋಹು ಬೇಕಾದವರಿಗೆ ನನ್ನ ಮೊದಲ ಆಯ್ಕೆ ಇದೇ. ಎರೆಯನ್ನು ನಿಮಗೆ ಬೇಕಾದ ಆಳದಲ್ಲಿ ನಿಲ್ಲಿಸಲು ಇಷ್ಟು ಸುಲಭದ ದಾರಿ ಬೇರೆ ಇಲ್ಲ. ನೀರು ಹತ್ತು ಅಡಿ ಇದ್ದರೆ ನಾಲ್ಕರಿಂದ ಆರು ಅಡಿಗೆ ಶುರು ಮಾಡಿ. ಅರ್ಧ ಗಂಟೆಗೊಮ್ಮೆ ಒಂದಡಿ ಮೇಲೆ ಕೆಳಗೆ ಬದಲಿಸುತ್ತಾ ಹೋಗಿ. ಆಳ ರಾಡಿನ ಉದ್ದಕ್ಕಿಂತ ಜಾಸ್ತಿ ಇದ್ದರೆ ಬೆಂಡು ಲೈನಿನ ಮೇಲೆ ಜಾರುವಂತೆ ಬಿಟ್ಟು, ಬೇಕಾದ ಆಳಕ್ಕೆ ಹೊಲಿಗೆ ದಾರದ ಒಂದು ಗಂಟು ಹಾಕಿ. ಗಂಟು ರೀಲಿನೊಳಗೆ ಸರಾಗವಾಗಿ ಸುತ್ತಿಕೊಳ್ಳುತ್ತದೆ, ಬೆಂಡು ಮಾತ್ರ ಅಲ್ಲಿ ಬಂದು ನಿಲ್ಲುತ್ತದೆ.

ಬೆಂಡನ್ನು ಓದುವುದು ಕಲಿತರೆ ಕೆಳಗೆ ಯಾವ ಮೀನಿದೆ ಅಂತ ಹೇಳಬಹುದು. ಟಕ್ ಟಕ್ ಅಂತ ಎಡೆಬಿಡದೆ ಕುಣಿದರೆ ಜಿಲೇಬಿ ಅಥವಾ ಮರಿಗಳು, ಎಳೆಯಬೇಡಿ. ಕಟ್ಲ ಎರೆಯನ್ನು ನೀರಿನ ಜೊತೆ ಹೀರುತ್ತದೆ. ಬೆಂಡು ಅರ್ಧ ಇಂಚು ಇಳಿದು ಅಲ್ಲೇ ನಿಲ್ಲುತ್ತದೆ, ಇಲ್ಲವೇ ಸ್ವಲ್ಪ ಮೇಲೇಳುತ್ತದೆ, ಅಷ್ಟೇ. ದೊಡ್ಡ ಮೀನು ದೊಡ್ಡದಾಗಿ ಎಳೆಯುತ್ತದೆ ಅಂದುಕೊಂಡು ಕಾಯುವವರು ಇಲ್ಲೇ ಕಟ್ಲ ಕಳೆದುಕೊಳ್ಳುವುದು. ರೋಹು ಒಂದೆರಡು ಸಲ ತಟ್ಟಿ, ಆಮೇಲೆ ಬೆಂಡನ್ನು ಓರೆಯಾಗಿ ಎಳೆದುಕೊಂಡು ಹೋಗುತ್ತದೆ. ಎರೆ ತಳದಲ್ಲಿದ್ದು ಬೆಂಡು ಎದ್ದು ಅಡ್ಡ ಮಲಗಿತು ಅಂದರೆ ಸಾಮಾನ್ಯ ಗೆಂಡೆ ಎರೆಯ ಜೊತೆ ಈಯದ ಗುಂಡನ್ನೂ ಎತ್ತಿದೆ ಅಂತ ಅರ್ಥ. ಆಗ ತಡಮಾಡಬೇಡಿ.

ಕೊರತೆಗಳೂ ಇವೆ. ಗಾಳಿ ಎದ್ದರೆ ಬೆಂಡು ಜಾಗ ಬಿಟ್ಟು ಹೋಗುತ್ತದೆ. ಇಪ್ಪತ್ತು ಇಪ್ಪತ್ತೈದು ಮೀಟರ್ ಆಚೆಗೆ ಸಣ್ಣ ಅಲುಗಾಟ ಕಾಣಲ್ಲ. ಕಣ್ಣು ತೆಗೆಯುವಂತಿಲ್ಲ, ಮಕ್ಕಳನ್ನು ಕರೆದುಕೊಂಡು ಹೋಗಿ ಅವರನ್ನೂ ನೋಡಿಕೊಳ್ಳುತ್ತೇನೆ ಅಂದರೆ ಆಗುವುದಿಲ್ಲ. ಮೆತ್ತಗಿನ ಹಿಟ್ಟಿನ ಎರೆ ಆದ್ದರಿಂದ ಸಣ್ಣ ಮೀನು ಜಾಸ್ತಿ ಇರುವ ಕೆರೆಯಲ್ಲಿ ಐದು ನಿಮಿಷಕ್ಕೊಮ್ಮೆ ಖಾಲಿ ಗಾಳ ಎತ್ತುತ್ತೀರಿ. ಖರ್ಚು ಮಾತ್ರ ಕಡಿಮೆ. ಬೆಂಡು, ಈಯದ ಗುಂಡು, 6 ಅಥವಾ 8ನೇ ನಂಬರಿನ ಗಾಳ ಎಲ್ಲ ಸೇರಿ ನೂರಿನ್ನೂರು ರೂಪಾಯಿ, ರಾಡ್ ರೀಲ್ ಬೇರೆ. ಅಂದಹಾಗೆ ಗಾಳದ ನಂಬರು ದೊಡ್ಡದಾದಷ್ಟೂ ಗಾಳ ಸಣ್ಣದಾಗುತ್ತದೆ, ಅಂಗಡಿಯಲ್ಲಿ ಕೇಳುವಾಗ ನೆನಪಿರಲಿ.

ಜಾರುವ ಈಯದ ತಳಗಾಳ

ಲೈನಿಗೆ ತೂತಿರುವ ಈಯದ ಗುಂಡು ಪೋಣಿಸಿ, ಕೆಳಗೊಂದು ಸ್ವಿವೆಲ್ (ತಿರುಗುವ ಸಣ್ಣ ಕೊಂಡಿ), ಅದರಿಂದ ಒಂದೂವರೆ ಎರಡಡಿ ತುಂಡು ಲೈನು, ತುದಿಗೆ ಒಂದೇ ಗಾಳ. ಇಷ್ಟೇ. ಮೀನು ಎಳೆದಾಗ ಈಯ ಅಲ್ಲೇ ಉಳಿದು ಲೈನು ಮಾತ್ರ ಸರಿಯುವುದರಿಂದ ಮೀನಿಗೆ ಭಾರ ಗೊತ್ತಾಗುವುದಿಲ್ಲ. ರಾಡಿನ ತುದಿಗೆ ಒಂದು ಸಣ್ಣ ಗೆಜ್ಜೆ ಕಟ್ಟಿದರೆ ಅಲಾರಂ ಮುಗಿಯಿತು. ರಾಡೇ ಇಲ್ಲದೆ ಕೈಗಾಳದಲ್ಲೂ ಇದನ್ನು ಹಾಕಬಹುದು, ಆದರೆ ಬರಿಗೈಗೆ ಲೈನು ಸುತ್ತಿಕೊಳ್ಳಬೇಡಿ. ಐದು ಕೆಜಿ ಗೆಂಡೆ ಓಡಿದರೆ ಬೆರಳು ಕೊಯ್ಯುತ್ತದೆ.

ಮೃಗಾಲ್, ಸಾಮಾನ್ಯ ಗೆಂಡೆಗೆ ಇದು ಒಳ್ಳೆಯದು. ಕಟ್ಲ ತಳಕ್ಕೆ ಬರುವುದೇ ಇಲ್ಲ ಅಂತಲ್ಲ, ಒಂದೇ ಜಾಗಕ್ಕೆ ದಿನಾ ಹಿಂಡಿ ಹಾಕುತ್ತಾ ಬಂದರೆ ಕೆಳಗೂ ಇಳಿದು ತಿನ್ನುತ್ತದೆ. ಹೊಸಬರು ಶುರು ಮಾಡುವುದಾದರೆ ಇದರಿಂದಲೇ ಮಾಡಿ ಅನ್ನುತ್ತೇನೆ. ತಪ್ಪಾಗುವುದಕ್ಕೆ ಹೆಚ್ಚು ಜಾಗವಿಲ್ಲ. ತಳದಲ್ಲಿ ಪಾಚಿ ದಪ್ಪಗಿದ್ದರೆ ಮಾತ್ರ ಎರೆ ಅದರೊಳಗೆ ಹೂತು ಹೋಗುತ್ತದೆ, ಅಲ್ಲಿ ಇದು ಕೆಲಸಕ್ಕೆ ಬಾರದು.

ಗೊಂಚಲು ಗಾಳ

ನಮ್ಮ ಕಡೆ ತುಂಬಾ ಜನ ಹಾಕುವುದು ಇದನ್ನೇ. ಹಿಂಡಿ ಹಿಟ್ಟಿನ ನಿಂಬೆಹಣ್ಣಿನ ಗಾತ್ರದ ಉಂಡೆ, ಸುತ್ತ ನಾಲ್ಕರಿಂದ ಎಂಟು ಗಾಳ. ಮೀನು ಉಂಡೆ ಹೀರುತ್ತಾ ಹೀರುತ್ತಾ ಯಾವುದಾದರೊಂದು ಗಾಳ ಬಾಯಿಗೆ ಹೋಗುತ್ತದೆ. ಅಗ್ಗ, ಮೇವು ಮತ್ತು ಎರೆ ಎರಡೂ ಒಂದರಲ್ಲೇ, ಕಟ್ಲಕ್ಕೆ ಚೆನ್ನಾಗಿ ಆಗುತ್ತದೆ. ಇದನ್ನು ಅಲ್ಲಗಳೆಯುವಂತಿಲ್ಲ.

ಆದರೂ ನಾನು ಇದನ್ನು ಹಾಕಿ ಅನ್ನುವುದಿಲ್ಲ. ಒಂದು ಗಾಳ ತುಟಿಗೆ ಬಿದ್ದರೆ ಉಳಿದವು ಮೀನು ಒದ್ದಾಡುವಾಗ ಕಣ್ಣು, ಕಿವಿರು, ಹೊಟ್ಟೆಗೆ ಸಿಕ್ಕಿಕೊಳ್ಳುತ್ತವೆ. ಅಂಥ ಮೀನು ಬಿಟ್ಟರೂ ಬದುಕುವುದು ಕಷ್ಟ. ಲೈನು ಕಡಿದು ತಪ್ಪಿಸಿಕೊಂಡರೆ ಎಂಟು ಗಾಳ ಹೊತ್ತುಕೊಂಡೇ ಹೋಗುತ್ತದೆ. ಬಲೆ ಎಳೆಯುವವರ ಕೈಗೂ ಈ ಗಾಳಗಳು ಚುಚ್ಚುತ್ತವೆ, ಅವರ ಸಿಟ್ಟಿಗೆ ಕಾರಣ ಇದೆ. ಜಾಲಿ ಬೇರು ಇರುವಲ್ಲಂತೂ ಪ್ರತಿ ಸಲ ಸಿಕ್ಕಿಕೊಳ್ಳುತ್ತದೆ. ಮನೆಗೆ ಒಂದು ಮೀನು ಬೇಕು, ಬಿಡುವ ಮಾತಿಲ್ಲ, ಖರ್ಚು ಮಾಡಲು ಆಗಲ್ಲ ಅನ್ನುವವರು ಕೊನೇಪಕ್ಷ ಗಾಳ ಎರಡಕ್ಕೆ ಇಳಿಸಿ. ಮೀನು ಕಡಿಮೆಯೇನೂ ಆಗುವುದಿಲ್ಲ.

ಫೀಡರ್

ಗೊಂಚಲು ಗಾಳದ ಅನುಕೂಲ ಬೇಕು, ಅದರ ಗಾಯ ಬೇಡ ಅನ್ನುವವರಿಗೆ ಇದು. ಒಂದು ಬದಿ ಈಯ, ಇನ್ನೊಂದು ಬದಿ ಪ್ಲಾಸ್ಟಿಕ್ ಪಟ್ಟಿಗಳಿರುವ ಸಣ್ಣ ತೊಟ್ಟಿಲಿನಂಥ ವಸ್ತು. ಅದಕ್ಕೆ ಹದ ಮಾಡಿದ ಮೇವನ್ನು ಒತ್ತಿ, ನಾಲ್ಕು ಇಂಚಿನ ಲೈನಿಗೆ ಕಟ್ಟಿದ ಒಂದೇ ಗಾಳವನ್ನು ಆ ಮೇವಿನೊಳಗೇ ಹುದುಗಿಸಿ ಎಸೆಯುವುದು. ತಳಕ್ಕೆ ಹೋಗಿ ಮೇವು ಕರಗುತ್ತದೆ, ಗುಡ್ಡೆಯ ನಡುವೆ ಎರೆ ಉಳಿಯುತ್ತದೆ. ಮೀನು ಮೇವು ಹುಡುಕಿಕೊಂಡು ಬಂದು ಎರೆಯನ್ನೇ ಹೀರುತ್ತದೆ.

ಎರಡು ಮೂರು ಗಂಟೆ ಮಾತ್ರ ಬಿಡುವಿರುವವರಿಗೆ ಇದರಷ್ಟು ಅನುಕೂಲ ಬೇರೆ ಇಲ್ಲ, ಯಾಕೆಂದರೆ ಹಿಂದಿನ ದಿನವೇ ಬಂದು ಮೇವು ಹಾಕುವ ಅಗತ್ಯವಿಲ್ಲ. ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಎತ್ತಿ ಮತ್ತೆ ಅದೇ ಜಾಗಕ್ಕೆ ಎಸೆಯಬೇಕು. ಅದೇ ಜಾಗಕ್ಕೆ ಅನ್ನುವುದು ಮುಖ್ಯ. ಆಚೆ ದಡದ ಒಂದು ಮರವನ್ನು ಗುರಿಯಾಗಿಟ್ಟುಕೊಳ್ಳಿ, ಎಸೆದ ದೂರಕ್ಕೆ ಲೈನನ್ನು ರೀಲಿನ ಕ್ಲಿಪ್ಪಿಗೆ ಸಿಕ್ಕಿಸಿಕೊಳ್ಳಿ. ದೊಡ್ಡ ಮೀನು ಇರುವ ಕಡೆಯಾದರೆ ಎಸೆದ ಮೇಲೆ ಕ್ಲಿಪ್ಪಿನಿಂದ ಬಿಡಿಸಿಡಿ, ಇಲ್ಲದಿದ್ದರೆ ಮೀನು ಓಡಿದಾಗ ಲೈನು ಅಲ್ಲೇ ಕಡಿಯುತ್ತದೆ. ತೊಂದರೆ ಏನಂದರೆ ಇದಕ್ಕೆ ಎಲ್ಲ ಗಾತ್ರದ ಮೀನೂ ಬರುತ್ತದೆ. ಸಂಖ್ಯೆ ಜಾಸ್ತಿ, ಸರಾಸರಿ ತೂಕ ಕಡಿಮೆ.

ಹೇರ್ ರಿಗ್

ತೂಕವೇ ಗುರಿ ಅನ್ನುವವರು ಇಲ್ಲಿಗೆ ಬರಬೇಕು. ಇಂಗ್ಲೆಂಡಿನಲ್ಲಿ ಸುಮಾರು 1980ರ ಹೊತ್ತಿಗೆ ಲೆನ್ ಮಿಡಲ್‌ಟನ್, ಕೆವಿನ್ ಮ್ಯಾಡಕ್ಸ್ ರೂಪಿಸಿದ ಪದ್ಧತಿ ಇದು. ಗಾಳಕ್ಕೆ ಎರೆ ಚುಚ್ಚುವುದೇ ಇಲ್ಲ. ಗಾಳದ ಬಾಗಿನಿಂದ ಒಂದು ತೆಳು ದಾರ ಇಳಿಬಿಟ್ಟು ಅದಕ್ಕೆ ಎರೆ ಪೋಣಿಸುತ್ತಾರೆ. ಎರೆಗೂ ಗಾಳದ ಬಾಗಿಗೂ ನಡುವೆ ನಾಲ್ಕೈದು ಮಿಲಿಮೀಟರ್ ಜಾಗ ಬಿಟ್ಟರೆ ಸಾಕು. ಗೆಂಡೆ ಎರೆ ಹೀರಿದಾಗ ಬರಿಯ ಗಾಳವೂ ಹಿಂದೆಯೇ ಒಳಗೆ ಹೋಗುತ್ತದೆ. ಅನುಮಾನ ಬಂದು ಉಗುಳಿದರೆ ಎರೆ ಹೊರಗೆ ಬರುತ್ತದೆ, ಗಾಳದ ಮೊನೆ ಕೆಳತುಟಿಗೆ ತಾಗುತ್ತದೆ. ಮೀನು ಬೆದರಿ ಓಡಿದಾಗ 80–100 ಗ್ರಾಂ ಈಯದ ಭಾರವೇ ಗಾಳವನ್ನು ನಾಟಿಸುತ್ತದೆ. ನೀವು ಜೋರಾಗಿ ಎಳೆಯುವ ಅಗತ್ಯವಿಲ್ಲ, ರಾಡ್ ಎತ್ತಿದರೆ ಸಾಕು. ಗಾಳ ಹೆಚ್ಚಾಗಿ ಕೆಳತುಟಿಯಲ್ಲೇ ಇರುವುದರಿಂದ ಬಿಡಿಸುವುದು ಸುಲಭ, ಗಾಯ ಕಡಿಮೆ.

ಇದರ ನಿಜವಾದ ಬಲ ಎರೆಯಲ್ಲಿದೆ. ಗಟ್ಟಿ ಎರೆ ಹಾಕಬಹುದು. ಎರಡು ಮೆಕ್ಕೆಜೋಳದ ಕಾಳು, ಒಂದು ಕಾಬೂಲ್ ಕಡಲೆ, ಅಥವಾ ಬೇಯಿಸಿದ ಗಟ್ಟಿ ಹಿಟ್ಟಿನ ಗುಂಡು. ಅಂಗೈ ಅಗಲದ ಜಿಲೇಬಿ ಕುಟುಕಿ ಕುಟುಕಿ ಸುಸ್ತಾಗುತ್ತದೆ, ಎರೆ ಮೂರ್ನಾಲ್ಕು ಗಂಟೆ ಹಾಗೇ ಇರುತ್ತದೆ. ಆದರೆ ಕಾಳನ್ನು ಇಪ್ಪತ್ನಾಲ್ಕು ಗಂಟೆ ನೆನೆಸಿ, ಬೆರಳಲ್ಲಿ ಹಿಸುಕಿದರೆ ಒತ್ತುವಷ್ಟು ಬೇಯಿಸಲೇಬೇಕು. ಒಣ ಕಾಳು ಮೀನಿನ ಹೊಟ್ಟೆಯಲ್ಲಿ ಊದಿಕೊಂಡು ಮೀನನ್ನೇ ಕೊಲ್ಲಬಹುದು.

ಇದಕ್ಕೆ ಬೇಕಾದದ್ದು ಸಮಯ. ಬೆಳಿಗ್ಗೆಯಿಂದ ಸಂಜೆವರೆಗೆ ಕೂತು ಒಂದೇ ಒಂದು ಎಳೆತ ಬರಬಹುದು, ಬರದೆಯೂ ಇರಬಹುದು. ರಾಡ್ ನೆಲಕ್ಕೆ ಕಟ್ಟಿರಬೇಕು, ರೀಲು ಲೈನು ಬಿಡುವಂತೆ ಸಡಿಲವಾಗಿರಬೇಕು. ಇಲ್ಲದಿದ್ದರೆ ಮೊದಲ ಓಟಕ್ಕೇ ರಾಡ್ ಕೆರೆ ಪಾಲು. ಇನ್ನೊಂದು ಮಾತು, ಲೈನು ಕಡಿದರೆ ಈಯ ತಾನಾಗಿ ಕಳಚಿಕೊಳ್ಳುವ ಕ್ಲಿಪ್ಪೇ ಹಾಕಿ. ನೂರು ಗ್ರಾಂ ಈಯ ಎಳೆದುಕೊಂಡು ತಿರುಗುವ ಮೀನು ಯಾವುದಾದರೂ ಬೇರಿಗೆ ಸಿಕ್ಕಿ ಸಾಯುತ್ತದೆ. ಸಾಮಾನ್ಯ ಗೆಂಡೆಗೆ ಇದು ಹೇಳಿ ಮಾಡಿಸಿದಂತಿದೆ, ಹುಲ್ಲುಗೆಂಡೆ, ಮೃಗಾಲ್ ಕೂಡ ಬರುತ್ತವೆ. ಕಟ್ಲಕ್ಕೇ ಅಂತ ಕೂರುವುದಾದರೆ ನಾನು ಬೆಂಡಿಗೇ ಮರಳುತ್ತೇನೆ.

ಬಿಸಿಲಿನ ಮಧ್ಯಾಹ್ನ ಹುಲ್ಲುಗೆಂಡೆ ಜೊಂಡಿನ ಅಂಚಿನಲ್ಲಿ ಬೆನ್ನು ತೋರಿಸುತ್ತಿದ್ದರೆ ಇದ್ಯಾವುದೂ ಬೇಡ. ಈಯವಿಲ್ಲದೆ ಬ್ರೆಡ್ಡಿನ ಅಂಚಿನ ತುಂಡು ತೇಲಿಬಿಡಿ, ನೆರಳು ನೀರಿನ ಮೇಲೆ ಬೀಳದಂತೆ ಕೂತುಕೊಳ್ಳಿ.

ಹಿಟ್ಟಿನ ಹದ

ದುಡ್ಡು ಉಳಿಸಿ ಇಲ್ಲಿ ಶ್ರಮ ಹಾಕಿ. ನಾನು ಕಡಲೆಕಾಯಿ ಹಿಂಡಿಯನ್ನು ಕುಟ್ಟಿ ಜರಡಿ ಹಿಡಿದು, ಬಾಣಲೆಯಲ್ಲಿ ವಾಸನೆ ಏಳುವ ತನಕ ಹುರಿಯುತ್ತೇನೆ. ಅದಕ್ಕೆ ಸಮನಾಗಿ ಅಕ್ಕಿ ತೌಡು, ಒಂದು ಹಿಡಿ ಹುರಿದ ಮೆಂತ್ಯದ ಪುಡಿ, ಸ್ವಲ್ಪ ಸೋಂಪು, ಕರಗಿಸಿದ ಬೆಲ್ಲ. ನೀರನ್ನು ಒಂದೇ ಸಲ ಸುರಿಯಬಾರದು. ಚಿಮುಕಿಸಿ ಕಲಸಿ, ಹತ್ತು ನಿಮಿಷ ಬಿಟ್ಟು ಮತ್ತೆ ಚಿಮುಕಿಸಬೇಕು. ತೌಡು ನೀರು ಕುಡಿಯಲು ಹೊತ್ತು ತೆಗೆದುಕೊಳ್ಳುತ್ತದೆ.

ಹದ ಸರಿಯಾಯಿತಾ ಅಂತ ನೋಡುವುದು ಬಕೆಟ್ಟಿನಲ್ಲಿ. ಒಂದು ಹಿಡಿ ಒತ್ತಿ ನೀರಿಗೆ ಬಿಡಿ. ಕಟ್ಲಕ್ಕಾದರೆ ಉಂಡೆ ಇಳಿಯುತ್ತಲೇ ಸುತ್ತ ಪುಡಿ ಬಿಡುತ್ತಾ, ನೀರು ಹಾಲುಹಾಲಾಗಬೇಕು. ಅದು ಸೋಸಿ ತಿನ್ನುವ ಮೀನು, ಆ ಮೋಡವೇ ಅದನ್ನು ಕರೆಯುತ್ತದೆ. ಫೀಡರಿಗಾದರೆ ತಳ ಮುಟ್ಟುವ ತನಕ ಒಡೆಯಬಾರದು, ಆಮೇಲೆ ಐದು ಹತ್ತು ನಿಮಿಷದಲ್ಲಿ ಪೂರ್ತಿ ಬಿಚ್ಚಿಕೊಳ್ಳಬೇಕು. ಅರ್ಧ ಗಂಟೆಯಾದರೂ ಕಲ್ಲಿನಂತೆ ಕೂತಿದ್ದರೆ ತೌಡು ಸೇರಿಸಿ, ಬೇಗ ಒಡೆದರೆ ಒಂದು ಚಮಚ ಮೈದಾ. ಗಾಳಕ್ಕೆ ಹಾಕುವ ಎರೆಗೆ ಇದೇ ಹಿಟ್ಟಿಗೆ ಮೈದಾ ಅಥವಾ ಬೇಯಿಸಿದ ರಾಗಿ ಹಿಟ್ಟು ಸೇರಿಸಿ ಕಿವಿಯ ಹಾಲೆಯಷ್ಟು ಮೆತ್ತಗೆ ನಾದಿ. ಎರೆಹುಳ ಹಾಕಿದರೆ ಎಲ್ಲ ಮೀನೂ ಬರುತ್ತದೆ, ಸಣ್ಣದೇ ಮೊದಲು ಬರುತ್ತದೆ. ದೊಡ್ಡದು ಬೇಕು ಅನ್ನುವವರು ಎರೆಹುಳ ಬಿಡಿ.

ಮೇವು ಜಾಸ್ತಿ ಹಾಕುವುದೂ ತಪ್ಪು. ಹೊಟ್ಟೆ ತುಂಬಿದ ಮೀನು ನಿಮ್ಮ ಗಾಳ ಯಾಕೆ ಮುಟ್ಟುತ್ತದೆ? ಅರ್ಧ ದಿನಕ್ಕೆ ಒಂದೂವರೆ ಎರಡು ಕೆಜಿ ಸಾಕು, ಅದೂ ಸ್ವಲ್ಪ ಸ್ವಲ್ಪವಾಗಿ.

ಹೊತ್ತು

ಬೆಳಗಿನ ಜಾವವೇ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ. ಬೇಸಿಗೆಯಲ್ಲಿ, ಹಸಿರು ನೀರಿನ ಕೆರೆಯಲ್ಲಿ ಅದು ನಿಜವಲ್ಲ. ರಾತ್ರಿಯೆಲ್ಲ ಪಾಚಿ ನೀರಿನ ಆಮ್ಲಜನಕ ಬಳಸಿಕೊಳ್ಳುವುದರಿಂದ ಸೂರ್ಯ ಹುಟ್ಟುವ ಹೊತ್ತಿಗೆ ಅದು ತೀರಾ ಕಡಿಮೆ ಇರುತ್ತದೆ. ಮೀನು ಮೇಲೆ ಬಂದು ಬಾಯಿ ಬಿಡುತ್ತಿರುತ್ತದೆ, ತಿನ್ನುವ ಸ್ಥಿತಿಯಲ್ಲಿರುವುದಿಲ್ಲ. ಅಂಥ ಕೆರೆಗೆ ಒಂಬತ್ತು ಗಂಟೆ ಮೇಲೆ ಹೋಗಿ, ಇಲ್ಲವೇ ಸಂಜೆ ನಾಲ್ಕರ ಮೇಲೆ. ಗಾಳಿ ಬೀಸುತ್ತಿದ್ದರೆ ಅಲೆ ಬಂದು ಹೊಡೆಯುವ ದಡ ಹಿಡಿಯಿರಿ, ಮುಖಕ್ಕೆ ಗಾಳಿ ಬಂದರೂ ಪರವಾಗಿಲ್ಲ. ತೇಲುವ ಆಹಾರವೆಲ್ಲ ಆ ಕಡೆಗೇ ಸೇರುತ್ತದೆ. ಮುಂಗಾರಿನ ಹೊಸ ನೀರು ನುಗ್ಗುವಾಗ ಮೀನು ಹರಿವಿಗೆ ಎದುರಾಗಿ ಬಂದು ಸೇರುತ್ತದೆ. ಹಿಡಿಯುವುದು ಸುಲಭ, ಆದರೆ ಅದು ಮೊಟ್ಟೆ ತುಂಬಿಕೊಂಡ ಕಾಲ. ಆಗ ಹಿಡಿದದ್ದನ್ನು ದಯವಿಟ್ಟು ಬಿಟ್ಟುಬಿಡಿ.

ಹಾಗಾದರೆ ನಿಮಗೆ ಯಾವುದು

ಐನೂರು ರೂಪಾಯಿ ಮಾತ್ರ ಇದೆ ಅಂದರೆ ಕೈಗಾಳ, ಜಾರುವ ಈಯ, ಒಂದು ಗೆಜ್ಜೆ, ಬೇಯಿಸಿದ ಮೆಕ್ಕೆಜೋಳ. ಆಳ ದಡಕ್ಕೆ ಹತ್ತಿರವಿರುವ ಕಡೆ, ಅಂದರೆ ಏರಿಯ ಬದಿ, ತೂಬಿನ ಅಕ್ಕಪಕ್ಕ ಕೂತುಕೊಳ್ಳಿ. ತೂಬಿಗೆ ತೀರಾ ಹತ್ತಿರ ಬೇಡ, ನೀರು ಬಿಟ್ಟಾಗ ಸೆಳೆತ ಇರುತ್ತದೆ.

ಮೂರ್ನಾಲ್ಕು ಸಾವಿರ ಹಾಕಬಹುದು ಅಂದರೆ ಒಂಬತ್ತು ಹತ್ತು ಅಡಿಯ ಒಂದು ರಾಡ್, 4000 ಗಾತ್ರದ ರೀಲ್, 0.30 ಅಥವಾ 0.35 ಮಿಲಿಮೀಟರಿನ ನೈಲಾನ್ ಲೈನು ತಗೊಳ್ಳಿ. ಇದೊಂದರಲ್ಲೇ ಬೆಂಡು, ತಳಗಾಳ, ಹಗುರ ಫೀಡರ್ ಮೂರೂ ಆಗುತ್ತದೆ. ಎಳೆಗಳನ್ನು ಹೆಣೆದು ಮಾಡಿದ ಬ್ರೇಡ್ ಲೈನು ಬೇಡ. ಅದು ತೆಳ್ಳಗಿದ್ದು ಗಟ್ಟಿ ಇದ್ದರೂ ಹಿಗ್ಗುವುದಿಲ್ಲ, ಏರಿಯ ಕಲ್ಲಿಗೆ ಉಜ್ಜಿದರೆ ಬೇಗ ಹೋಗುತ್ತದೆ. ನೈಲಾನ್ ಹಿಗ್ಗುತ್ತದೆ, ಮೀನಿನ ಮೊದಲ ಓಟವನ್ನು ಅದೇ ತಡೆದುಕೊಳ್ಳುತ್ತದೆ. ದುಡ್ಡು ಮಿಗಿಸಬೇಕೆಂದರೆ ರಾಡಿನಲ್ಲಿ ಮಿಗಿಸಿ, ರೀಲಿನಲ್ಲಿ ಬೇಡ. ಡ್ರ್ಯಾಗ್ ಅಂದರೆ ಮೀನು ಎಳೆದಾಗ ರೀಲು ಲೈನು ಬಿಡುವ ಬಿಗಿ, ಅದು ತಡೆತಡೆದು ಬಿಡುವ ರೀಲಿನಲ್ಲಿ ದೊಡ್ಡ ಮೀನು ಉಳಿಯುವುದಿಲ್ಲ.

ಹತ್ತು ಸಾವಿರದ ಆಸುಪಾಸು ಇದೆ, ಇಡೀ ದಿನ ಕೂರುವ ತಾಳ್ಮೆಯೂ ಇದೆ ಅಂದರೆ ಹನ್ನೆರಡು ಅಡಿಯ ಎರಡು ರಾಡ್, ಮೀನು ಎಳೆದಾಗ ಲೈನು ತಾನೇ ಬಿಡುವ ರೀಲುಗಳು. ಒಂದರಲ್ಲಿ ಹೇರ್ ರಿಗ್ ಹಾಕಿ ಬಿಟ್ಟು, ಇನ್ನೊಂದರಲ್ಲಿ ಫೀಡರ್ ಆಡಿಸುತ್ತಾ ಇರಿ. ಬೇಸರವೂ ಆಗುವುದಿಲ್ಲ, ದೊಡ್ಡದಕ್ಕೆ ಅವಕಾಶವೂ ಇರುತ್ತದೆ. ವಿದೇಶಿ ಎರೆ, ಮೂರು ಅಲಾರಂ, ಸ್ಟ್ಯಾಂಡು ಇವಕ್ಕೆ ಆಮೇಲೆ ಖರ್ಚು ಮಾಡಿದರಾಯಿತು. ಮೊದಲು ದೊಡ್ಡ ಬಾಯಿಯ ಕೈಬಲೆ ತಗೊಳ್ಳಿ. ದಡದ ಹತ್ತಿರ ಬಂದ ಮೀನನ್ನು ಲೈನು ಹಿಡಿದು ಎತ್ತಲು ಹೋದಾಗಲೇ ದೊಡ್ಡ ಮೀನು ತಪ್ಪುವುದು.

ಸಣ್ಣ ಜಿಲೇಬಿ ತುಂಬಿದ ಕೆರೆಯಾದರೆ ಬಜೆಟ್ ಎಷ್ಟೇ ಇರಲಿ ಹೇರ್ ರಿಗ್ ಕಲಿಯಿರಿ. ಇನ್ನೂರು ರೂಪಾಯಿ ಸಾಮಾನಿನಲ್ಲಿ, ಹೊಲಿಗೆ ಸೂಜಿಯಲ್ಲೇ ಕಟ್ಟಬಹುದು. ಅಂತರಗಂಗೆ, ಜೊಂಡು ಮುತ್ತಿದ ಕೆರೆಯಾದರೆ ಬೆಂಡು, ಅದೂ ದಪ್ಪ ಲೈನಿನಲ್ಲಿ, ಜೊಂಡಿನ ಅಂಚಿಗೆ ಮಾತ್ರ. ಹಿನ್ನೀರಿನ ಬಯಲು ದಡದಲ್ಲಿ ನೀರು ತೆಳು, ಆಳ ದೂರ, ಅಲ್ಲಿ ಬೆಂಡು ಸರಿಯಾಗಿ ತಲುಪುವುದಿಲ್ಲ, ಫೀಡರ್ ಹಾಕಿ. ಚಳಿಗಾಲಕ್ಕೆ ತಳ, ಬೇಸಿಗೆಯ ಸಂಜೆಗೆ ನಡುನೀರು.

ಮೀನು ಸಿಕ್ಕ ಮೇಲೆ ಡ್ರ್ಯಾಗನ್ನು ಲೈನಿನ ತಾಕತ್ತಿನ ಮೂರರಲ್ಲಿ ಒಂದು ಭಾಗಕ್ಕೆ ಇಟ್ಟುಕೊಳ್ಳಿ. ಓಡುವಾಗ ಓಡಲು ಬಿಡಿ, ನಿಂತಾಗ ಸುತ್ತಿ. ಬಿಡುವುದಾದರೆ ಕೈ ಒದ್ದೆ ಮಾಡಿಕೊಂಡು ಮುಟ್ಟಿ, ಬಿಸಿ ಕಲ್ಲಿನ ಮೇಲೆ ಇಡಬೇಡಿ, ಒದ್ದೆ ಗೋಣಿಚೀಲ ಹಾಸಿ. ಕಿವಿರಿಗೆ ಬೆರಳು ಹಾಕಿ ನೇತಾಡಿಸಿ ಫೋಟೋ ತೆಗೆದರೆ ಆ ಮೀನು ಈಜಿಕೊಂಡು ಹೋದರೂ ಆಮೇಲೆ ಸಾಯಬಹುದು. ನೀರಿನಲ್ಲಿ ನೆಟ್ಟಗೆ ಹಿಡಿದುಕೊಂಡು, ತಾನಾಗಿ ಬಾಲ ಬೀಸುವ ತನಕ ಕಾಯಿರಿ.

ಕೊನೆಗೆ, ಸಾಮಾನು ಕೊಳ್ಳುವ ಮೊದಲೇ ಮಾಡಬೇಕಾದದ್ದು ಒಂದಿದೆ. ನಮ್ಮ ಬಹಳಷ್ಟು ಕೆರೆಗಳ ಮೀನು ಗುತ್ತಿಗೆಗೆ ಹೋಗಿರುತ್ತದೆ, ಮರಿ ಬಿಟ್ಟವರು ದುಡ್ಡು ಹಾಕಿರುತ್ತಾರೆ. ಪಂಚಾಯಿತಿಯಲ್ಲಿ ಅಥವಾ ತಾಲೂಕಿನ ಮೀನುಗಾರಿಕೆ ಇಲಾಖೆಯಲ್ಲಿ ಕೆರೆ ಯಾರ ಹೆಸರಿನಲ್ಲಿದೆ ಅಂತ ಕೇಳಿ, ಅವರ ಹತ್ತಿರ ಮಾತಾಡಿ. ಹಿಡಿದು ಬಿಡುತ್ತೇನೆ, ಒಂದೇ ಗಾಳ ಹಾಕುತ್ತೇನೆ ಅಂದರೆ ಒಪ್ಪುವವರಿದ್ದಾರೆ. ಬೆಂಗಳೂರಿನ ಎಷ್ಟೋ ಕೆರೆಗಳಲ್ಲಿ ಗಾಳ ಹಾಕುವಂತಿಲ್ಲ, ಅಣೆಕಟ್ಟೆಯ ಹತ್ತಿರದ ನಿರ್ಬಂಧಿತ ಜಾಗಗಳಲ್ಲೂ ಇಲ್ಲ, ಅಭಯಾರಣ್ಯದೊಳಗೆ ಹರಿಯುವ ಹೊಳೆಯಲ್ಲೂ ಇಲ್ಲ. ಕಾವೇರಿ, ತುಂಗಭದ್ರಾ, ಕಾಳಿಯ ದಡದಲ್ಲಿ ಅನುಮತಿ ಇದ್ದರೂ ನೀರಿಗೆ ಇಳಿದು ನಿಲ್ಲಬೇಡಿ, ಮೊಸಳೆ ಇವೆ. ಕಡಿದ ಲೈನಿನ ತುಂಡುಗಳನ್ನು ಜೇಬಿಗೆ ಹಾಕಿಕೊಂಡು ಮನೆಗೆ ತನ್ನಿ, ಕೊಕ್ಕರೆಗಳ ಕಾಲಿಗೆ ಸುತ್ತಿಕೊಳ್ಳುವುದು ಅದೇ ಲೈನು.